ಓದುಗರ ಪ್ರಶ್ನೆ, ನಮ್ಮ ಉತ್ತರ: ಹ್ಯಾಕಥಾನ್‌ಗೆ ಹೊರಟ ಹೈಸ್ಕೂಲ್ ತಂಡ

ಪ್ರಶ್ನೆ: ನಮ್ಮ ಶಾಲೆಯ ಒಂಬತ್ತನೇ ತರಗತಿಯ ಐವರು ಮಕ್ಕಳು ಶಿವಮೊಗ್ಗದ ಕಾಲೇಜೊಂದು ನಡೆಸುವ ಹ್ಯಾಕಥಾನ್‌ಗೆ (ತಂಡಗಳು ಒಂದೆರಡು ದಿನಗಳಲ್ಲಿ ಆ್ಯಪ್ ಅಥವಾ ಉಪಕರಣ ಮಾಡಿ ತೋರಿಸುವ ಸ್ಪರ್ಧೆ) ಹೆಸರು ಕೊಡಬೇಕೆಂದಿದ್ದಾರೆ. ಅಡಿಕೆಯ ಕೊಳೆರೋಗದ ಮುನ್ಸೂಚನೆ ನೀಡುವ ಉಪಕರಣ ಮಾಡುವುದು ಅವರ ಆಸೆ. ಆದರೆ ಕೋಡಿಂಗ್ ಬರುವುದು ಒಬ್ಬ ಹುಡುಗನಿಗೆ ಮಾತ್ರ. ಉಳಿದ ನಾಲ್ವರಿಗೆ ಅಲ್ಲಿ ಏನು ಕೆಲಸ?
– ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೆಲಸ ಬೇಕಾದಷ್ಟಿದೆ, ಆದರೆ ಮೊದಲು ವಿಷಯವನ್ನು ಕಿರಿದು ಮಾಡಿಕೊಳ್ಳಬೇಕು. ರೋಗದ ಮುನ್ಸೂಚನೆ ಹೇಳಲು ಹಲವು ವರ್ಷಗಳ ಮಳೆ, ತೇವಾಂಶ ಮತ್ತು ರೋಗದ ದಾಖಲೆ ಬೇಕಾಗುತ್ತದೆ, ಅದು ಒಂದೆರಡು ದಿನಗಳ ಸ್ಪರ್ಧೆಯಲ್ಲಿ ಆಗುವ ಕೆಲಸವಲ್ಲ. ಅದರ ಬದಲು ಕೊಳೆರೋಗ ತಡೆಯಲು ಹೊಡೆಸುವ ಬೋರ್ಡೋ ದ್ರಾವಣದ ಸಿಂಪಡಣೆಯನ್ನೇ ಹಿಡಿದುಕೊಳ್ಳಲಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಶೇ 1ರ ದ್ರಾವಣವನ್ನು ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40ರಿಂದ 45 ದಿನಗಳ ನಂತರ ಇನ್ನೊಮ್ಮೆ ಹೊಡೆಸುತ್ತಾರೆ. ಎರಡನೆಯ ಸಲ ಮಳೆ ಹೊಳವು (ಬಿಡುವು) ಕೊಡುವುದಿಲ್ಲ, ಕೊಟ್ಟ ದಿನ ಮರ ಹತ್ತಿ ಹೊಡೆಯುವ ಕೊನೆಗಾರ ಸಿಗುವುದಿಲ್ಲ. ಹಿಂದಿನ ಸಿಂಪಡಣೆಯಾಗಿ ಎಷ್ಟು ದಿನವಾಯಿತು, ಆಮೇಲೆ ಎಷ್ಟು ಮಿಲಿಮೀಟರ್ ಮಳೆ ಬಿತ್ತು, ಊರಿನಲ್ಲಿ ಯಾರ ತೋಟಕ್ಕೆ ಮೊದಲು ಹೊಡೆಸಬೇಕು ಎಂಬಿಷ್ಟನ್ನು ಮೊಬೈಲಿನಲ್ಲಿ ಕನ್ನಡದಲ್ಲಿ ತೋರಿಸಿದರೂ ಅದು ನಾಳೆಯಿಂದಲೇ ಬಳಸಬಹುದಾದ ವಸ್ತು. ಮೊಬೈಲ್ ಆ್ಯಪ್ ತಯಾರಿಸಲು ಉಚಿತವಾಗಿ ಸಿಗುವ ಎಂಐಟಿ ಆ್ಯಪ್ ಇನ್ವೆಂಟರ್ ಎಂಬ ತಂತ್ರಾಂಶದಲ್ಲಿ ಇದನ್ನು ಮಾಡಬಹುದು, ಹೊಸಬರೂ ಅದನ್ನು ಬೇಗ ಕಲಿಯುತ್ತಾರೆ.

ಈಗ ನಾಲ್ವರ ಕೆಲಸ ತಾನಾಗಿ ಕಾಣುತ್ತದೆ. ಒಬ್ಬಳು ಈಗಿನಿಂದಲೇ ಬೆಳೆಗಾರರನ್ನೂ ಕೊನೆಗಾರರನ್ನೂ ಮಾತನಾಡಿಸಿ, ಅವರಿಗೆ ನಿಜವಾಗಿ ಎಲ್ಲಿ ತೊಡಕಾಗುತ್ತದೆ ಎಂದು ಬರೆದುಕೊಳ್ಳಬೇಕು. ತೀರ್ಪುಗಾರರು ಸಾಮಾನ್ಯವಾಗಿ ಕೇಳುವುದು ‘ಇದನ್ನು ಬಳಸುವವರು ಯಾರು, ಅವರನ್ನು ಕೇಳಿದ್ದೀರಾ’ ಎಂದೇ. ಇನ್ನೊಬ್ಬ ಶಾಲೆಯಲ್ಲಿ ಮಳೆಮಾಪಕ ಇಟ್ಟು ಪ್ರತಿದಿನ ಅಳತೆ ದಾಖಲಿಸಲಿ. ಮೂರನೆಯವರು ಪರದೆಯ ವಿನ್ಯಾಸ ಮತ್ತು ಮಂಡನೆ ನೋಡಿಕೊಳ್ಳಬಹುದು. ನಾಲ್ಕನೆಯವರದು ಪರೀಕ್ಷಿಸುವ ಕೆಲಸ, ಮತ್ತು ಇದನ್ನು ಯಾರೂ ಹಗುರವಾಗಿ ಎಣಿಸಬಾರದು. ಉದಾಹರಣೆಗೆ, ಗಾಳಿಯ ತೇವಾಂಶವನ್ನೂ ಅಳೆಯಹೊರಟರೆ ಮಕ್ಕಳು ಅಗ್ಗದ ಡಿಎಚ್‌ಟಿ11 ಸಂವೇದಕವನ್ನು ತರುತ್ತಾರೆ. ಅದು ಶೇ 90ರ ಮೇಲಿನ ತೇವಾಂಶ ಅಳೆಯಲು ತಯಾರಾದದ್ದಲ್ಲ. ಆಷಾಢದ ತೋಟದಲ್ಲಿ ಅದನ್ನು ನಂಬುವಂತಿಲ್ಲ. ಸ್ವಲ್ಪ ಹೆಚ್ಚು ಬೆಲೆಯ ಡಿಎಚ್‌ಟಿ22 ಶೇ 100ರವರೆಗೆ ಅಳೆಯುತ್ತದೆ. ಇದನ್ನು ಮೊದಲೇ ಗಮನಿಸುವವರು ತಂಡದಲ್ಲಿ ಒಬ್ಬರಿದ್ದರೆ ಅರ್ಧ ರಾತ್ರಿಯ ಪರದಾಟ ತಪ್ಪುತ್ತದೆ. ಹತ್ತಿರದ ಯಾವುದಾದರೂ ಶಾಲೆಯಲ್ಲಿ ಮಕ್ಕಳು ಉಪಕರಣಗಳನ್ನು ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ, ಮುಖ್ಯೋಪಾಧ್ಯಾಯರ ಮೂಲಕ ವಿಚಾರಿಸಿ ಅಲ್ಲಿ ಅಭ್ಯಾಸ ಮಾಡಿಸಿರಿ.

ಕೋಡಿಂಗ್ ಬಲ್ಲ ಹುಡುಗನನ್ನೇ ನಾಯಕನನ್ನಾಗಿ ಮಾಡಬೇಡಿರಿ ಎಂಬುದು ನನ್ನ ಸಲಹೆ. ಅವನು ಕೋಡ್‌ನ ದೋಷವೊಂದರಲ್ಲಿ ಮುಳುಗಿದಾಗ ಸಮಯ ನೋಡುವವರು, ‘ಇದನ್ನು ಕೈಬಿಡೋಣ’ ಎನ್ನುವವರು ಬೇರೆಯೇ ಇರಬೇಕು.

ಪ್ರಶ್ನೆ: ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. ರಾತ್ರಿಯೂ ಉಳಿಯಬೇಕಾದ ಸ್ಪರ್ಧೆಗೆ ಕಳುಹಿಸುವುದೇ? ಎಐಯಿಂದ ಕೋಡ್ ಬರೆಸಿದರೆ ತಪ್ಪೇ?
– ತಂದೆ, ಸಾಗರ

ಉತ್ತರ: ಪೂರ್ವಸಿದ್ಧತಾ ಪರೀಕ್ಷೆಗೆ ಅಡ್ಡ ಬಾರದಿದ್ದರೆ ಕಳುಹಿಸಬಹುದು. ರಾತ್ರಿ ಜೊತೆಗಿರುವ ಶಿಕ್ಷಕಿ ಯಾರು, ಹುಡುಗಿಯರಿಗೆ ಮಲಗಲು ಪ್ರತ್ಯೇಕ ಕೋಣೆ ಇದೆಯೇ ಎಂಬುದನ್ನು ಆಯೋಜಕರಿಂದಲೇ ತಿಳಿದುಕೊಳ್ಳಿರಿ; ಉತ್ತರ ಹಾರಿಕೆಯದಾದರೆ ಹಗಲಿನಲ್ಲಷ್ಟೇ ನಡೆಯುವ ಸ್ಪರ್ಧೆಯನ್ನು ಹುಡುಕಿರಿ. 36 ಗಂಟೆಗಳ ಸ್ಪರ್ಧೆಗಳು ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳಿಗಾಗಿ ರೂಪುಗೊಂಡಂಥವು, 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಅಂಥದ್ದೇ. ಹದಿನೈದರ ಮಗುವಿಗೆ ನಿದ್ದೆಗೆಡುವುದು ಯೋಗ್ಯತೆಯೇನಲ್ಲ.

ಎಐ ಬಳಕೆಗೆ ಒಂದೊಂದು ಕಡೆ ಒಂದೊಂದು ನಿಯಮವಿರುತ್ತದೆ. ಅನುಮತಿಯಿದ್ದರೆ ಬಳಸಲಿ, ಬಳಸಿದ್ದನ್ನು ಮುಚ್ಚಿಡದೆ ಹೇಳಲಿ. ಜೊತೆಗೆ ಕೋಡ್‌ನ ಯಾವ ಭಾಗ ಏನು ಮಾಡುತ್ತದೆಂದು ತಂಡದ ಪ್ರತಿಯೊಬ್ಬರೂ ವಿವರಿಸುವಂತಿರಲಿ. ಬಹಳಷ್ಟು ಸ್ಪರ್ಧೆಗಳಲ್ಲಿ ಮನೆಯಿಂದ ಸಿದ್ಧ ಕೋಡ್ ತರುವುದಕ್ಕೂ ಅವಕಾಶವಿಲ್ಲವಾದ್ದರಿಂದ, ನಿಯಮಾವಳಿಯನ್ನು ಹೆಸರು ನೋಂದಾಯಿಸುವ ಮೊದಲೇ ಮಗಳೊಂದಿಗೆ ಕುಳಿತು ಓದಿರಿ.