ಬೌಲ್ ಗೇಮ್‌ಗೆ ಹೋಗಿ, ಆದರೆ ಹಾಫ್‌ಟೈಮ್‌ನಲ್ಲಿ ಎದ್ದು ಬರಬೇಡಿ

ನಿಮ್ಮ ಯೂನಿವರ್ಸಿಟಿ ತಂಡ ಬೌಲ್ ಗೇಮ್ (ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಸೀಸನ್ ಮುಗಿದ ಮೇಲಿನ ವಿಶೇಷ ಪಂದ್ಯ) ಆಡ್ತಿದೆ, ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್ ಅಲ್ಲದ ಪಂದ್ಯ, ರೂಲ್ಸೂ ಗೊತ್ತಿಲ್ಲ, ಅಷ್ಟು ದೂರ ಹೋಗೋದು ದಂಡವಾ ಅಂತ ಕೇಳಿದ್ದೀರಿ. ಎಂ.ಎಸ್. ಓದುವಾಗ ನಾನೂ ಹೀಗೇ ಲೆಕ್ಕ ಹಾಕ್ತಿದ್ದೆ.

2016ರ ಜನವರಿ 2. ಸ್ಯಾನ್ ಆಂಟೋನಿಯೊದ ಅಲಾಮೋಡೋಮ್‌ನಲ್ಲಿ ಅಲಾಮೋ ಬೌಲ್. ಫೋರ್ಟ್ ವರ್ತ್‌ನ ನಮ್ಮ ಟಿಸಿಯು (ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿ), ಎದುರಿಗೆ ಆರೆಗಾನ್ ಯೂನಿವರ್ಸಿಟಿ. ನಾವು ನಾಲ್ವರು ಕನ್ನಡದ ಹುಡುಗರು, ಗೆಳೆಯನ ಹಳೇ ಕಾರು, ನಾಲ್ಕು ಗಂಟೆ ದಾರಿ, ಡಬ್ಬಿ ತುಂಬ ಪುಳಿಯೋಗರೆ. ಎರಡು ದಿನ ಮುಂಚೆ ನಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಸಸ್ಪೆಂಡ್ ಆಗಿದ್ದ. ಅವನ ಜಾಗಕ್ಕೆ ಬಂದವನು ಬ್ರಾಮ್ ಕೋಲ್‌ಹಾಸನ್. ಕಾಲೇಜಿನ ಕೊನೇ ಪಂದ್ಯ, ಶುರುವಿನಿಂದ ಆಡುತ್ತಿರುವುದು ಅದೇ ಮೊದಲ ಸಲ. ನವೆಂಬರ್‌ನಲ್ಲಷ್ಟೇ ಅಪ್ಪನನ್ನು ಕಳೆದುಕೊಂಡಿದ್ದ.

ಹಾಫ್‌ಟೈಮ್‌ಗೆ 31-0. ಸೊನ್ನೆ ನಮ್ಮದು.

ತಪ್ಪು ಮಾಡಿದ್ದು ಇಲ್ಲೇ. ಕಾರು ಗೆಳೆಯನದ್ದೇ ಆದರೂ ಮೊದಲು ಎದ್ದವನು ನಾನು. ಕ್ರಿಕೆಟ್ ನೋಡಿ ಬೆಳೆದವನಲ್ವಾ, ರನ್ ರೇಟ್ ಹಾಕುವ ಚಟ. ಟಚ್‌ಡೌನ್ ಮಾಡಿ, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ, ಆಮೇಲಿನ ಒದೆತವೂ ಸರಿಬಿದ್ದರೆ 7 ಅಂಕ. ಅಂಥವು ನಾಲ್ಕು, ಮೇಲೊಂದು ಫೀಲ್ಡ್ ಗೋಲ್ (ಒದ್ದು ಗಳಿಸುವ 3 ಅಂಕ) ಬಂದರೆ ಸಮ. ಅಷ್ಟು ಹೊತ್ತು ಎದುರಿನವರು ಒಂದು ಅಂಕವನ್ನೂ ಮಾಡಬಾರದು. ಆಗದ ಮಾತು, ಪಾರ್ಕಿಂಗ್ ನೂಕುನುಗ್ಗಲಿಗೆ ಮುಂಚೆ ಹೊರಡೋಣ ಅಂದೆ. ಲೆಕ್ಕ ಸರಿಯಾಗೇ ಇತ್ತು. ಆದರೆ ನಾನು ನೋಡಿದ್ದು ಸ್ಕೋರ್‌ಬೋರ್ಡ್ ಮಾತ್ರ, ಮೈದಾನ ನೋಡಲಿಲ್ಲ. ಆರೆಗಾನ್‌ನ ಕ್ವಾರ್ಟರ್‌ಬ್ಯಾಕ್ ವರ್ನನ್ ಆಡಮ್ಸ್ ಪೆಟ್ಟು ತಿಂದು ಹೊರಗೆ ಹೋಗಿದ್ದ. ನನ್ನ ಕಣ್ಣೆದುರೇ ಹೋಗಿದ್ದು! ಅವನಿಲ್ಲದೆ ಅವರ ಆಟ ನಡೆಯುತ್ತಾ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಕಾಲು ಮುರಿದುಕೊಂಡು ಬ್ಯಾಟ್ಸ್‌ಮನ್ ಹೋದರೂ ಅದೇ ರನ್ ರೇಟ್ ಇಟ್ಟುಕೊಂಡು ಕೂತ ಹಾಗೆ. ಚೆಂಡನ್ನು ಹಿಂದೆ ಕ್ವಾರ್ಟರ್‌ಬ್ಯಾಕ್‌ಗೆ ಕೊಡುವ ಅವರ ಸೆಂಟರ್ ಕೂಡ ಗಾಯವಾಗಿ ಹೋಗಿದ್ದನಂತೆ. ಆಮೇಲೆ ಚೆಂಡು ಹಿಂದಕ್ಕೆ ಸರಿಯಾಗಿ ಬರ್ತಾನೇ ಇರಲಿಲ್ಲವಂತೆ.

ನಮ್ಮ ಕೋಚ್ ಗ್ಯಾರಿ ಪ್ಯಾಟರ್ಸನ್ ವಿರಾಮದಲ್ಲಿ ಕಪ್ಪು ಶರ್ಟ್ ಬಿಚ್ಚಿ ನೇರಳೆ ಶರ್ಟ್ ಹಾಕಿಕೊಂಡು ಬಂದರು. ಅದೃಷ್ಟದ ಶರ್ಟ್ ಅಂತ ಈಗಲೂ ಹೇಳ್ತಾರೆ. ನಾವು ಅಷ್ಟರಲ್ಲಿ ಹೈವೇ ಹತ್ತಿದ್ದೆವು. ಬೇಜಾರಲ್ಲಿ ಫೋನನ್ನೂ ತೆಗೆಯಲಿಲ್ಲ.

ಆಸ್ಟಿನ್ ದಾಟಿ ಪೆಟ್ರೋಲ್ ಹಾಕಿಸಲು ನಿಂತೆವು. ಒಳಗೆ ಕ್ಯಾಶ್ ಕೌಂಟರಿನ ಮೇಲೆ ಪುಟ್ಟ ಟಿವಿ. ಕೌಂಟರಿನ ಹೆಂಗಸು ನನ್ನ ನೇರಳೆ ಟೀ ಶರ್ಟ್ ನೋಡಿದರು, ಟಿವಿ ನೋಡಿದರು, ಮತ್ತೆ ನನ್ನನ್ನು ನೋಡಿದರು. 'ನೀವು ಅಲ್ಲಿರಬೇಕಿತ್ತಲ್ವಾ?' ಅಂದರು. ಜೇಬಲ್ಲಿ ಟಿಕೆಟ್ ಇತ್ತು. 31-31 ಆಗಿ ಓವರ್‌ಟೈಮ್ ನಡೀತಿತ್ತು.

ಓವರ್‌ಟೈಮ್ ನಿಯಮ ನಾನು ಕಲಿತದ್ದು ಅಲ್ಲೇ, ಚಿಪ್ಸ್ ಸ್ಟ್ಯಾಂಡ್ ಪಕ್ಕ ನಿಂತು. ಆಗಿನ ನಿಯಮದಲ್ಲಿ ಎರಡೂ ತಂಡಕ್ಕೆ ಎದುರಾಳಿಯ 25 ಗಜದ ಗೆರೆಯಿಂದ ಒಂದೊಂದು ಅವಕಾಶ, ಸಮವಾದರೆ ಮತ್ತೊಂದು ಸುತ್ತು. ಮೂರನೇ ಸುತ್ತಿನಲ್ಲಿ ಕೋಲ್‌ಹಾಸನ್ ತಾನೇ ಚೆಂಡು ಹಿಡಿದು ಓಡಿ ಟಚ್‌ಡೌನ್ ಮಾಡಿದ. 47-41, ನಾವು ಗೆದ್ದೆವು. ಅಲ್ಲಿ 64 ಸಾವಿರಕ್ಕೂ ಜಾಸ್ತಿ ಜನ, ಇಲ್ಲಿ ನಾವು ನಾಲ್ವರು ಮತ್ತು ಆ ಹೆಂಗಸು.

ಹಾಗಾಗಿ ರೂಲ್ಸ್ ಚಿಂತೆ ಬಿಡಿ, ಪಕ್ಕದ ಸೀಟಿನವರೇ ಹೇಳಿಕೊಡ್ತಾರೆ, ಕೇಳದಿದ್ದರೂ ಹೇಳ್ತಾರೆ. 'ಪ್ಲೇಆಫ್ ಅಲ್ಲ, ಅದಕ್ಕೇ ಬೆಲೆಯಿಲ್ಲ' ಅನ್ನೋ ಮಾತನ್ನಂತೂ ನಾನು ಒಪ್ಪಲ್ಲ. ಕೊನೇ ವರ್ಷದ ಬಹುತೇಕ ಹುಡುಗರಿಗೆ ಮುಂದೆ ಫುಟ್‌ಬಾಲೇ ಇರಲ್ಲ, ಅವರಿಗೆ ಇದೇ ಫೈನಲ್. ದುಡ್ಡು ಉಳಿಸಲೇಬೇಕಾದರೆ ಮೇಲಿನ ಅಂತಸ್ತಿನ ಸೀಟು ತಗೊಳ್ಳಿ, ಅಲ್ಲಿಂದ ಆಟದ ವಿನ್ಯಾಸ ಇನ್ನೂ ಚೆನ್ನಾಗಿ ಕಾಣುತ್ತೆ. ಆದರೆ ರಾತ್ರಿ ಅದೇ ಊರಲ್ಲಿ ರೂಮ್ ಮಾಡಿ. ಕಾರಿನಲ್ಲಿ ನನ್ನಂಥ ಲೆಕ್ಕದ ಮೇಷ್ಟ್ರು ಯಾರಾದರೂ ಇದ್ದರೆ ಬಸ್ಸಿಗೆ ಹೋಗಿ.