ಎರಡು ಸರ್ವರ್‌ಗಳ ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್‌ಗೆ ಮೂರನೇ ಓಟು ಯಾಕೆ ಬೇಕು?

ನೀವು ಕೇಳಿರೋದು ಇಷ್ಟು: ಆಫೀಸಿನಲ್ಲಿ ಒಂದೇ ಥರದ ಎರಡು ಸರ್ವರ್ ಇವೆ. ಎರಡಕ್ಕೂ ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್‌ನಲ್ಲಿ ಹಲವು ವಿಎಂ, ಅಂದರೆ ವರ್ಚುವಲ್ ಮಷೀನ್, ಓಡಿಸುವ ಸಾಫ್ಟ್‌ವೇರ್) ಹಾಕಿ ಕ್ಲಸ್ಟರ್ ಮಾಡಿದರೆ, ಅಂದರೆ ಒಂದೇ ಗುಂಪಾಗಿ ಸೇರಿಸಿದರೆ, ಒಂದು ಕೆಟ್ಟಾಗ ಅದರ ಮೇಲಿದ್ದ ಇಆರ್‌ಪಿ (ಬಿಲ್ಲಿಂಗ್, ಅಕೌಂಟ್ಸ್ ಸಾಫ್ಟ್‌ವೇರ್) ವಿಎಂ ಇನ್ನೊಂದರಲ್ಲಿ ತಾನಾಗಿಯೇ ಸ್ಟಾರ್ಟ್ ಆಗುತ್ತಾ?

ಬರೀ ಎರಡರಿಂದ ಆಗೋದಿಲ್ಲ. ಮೂರನೆಯದೊಂದು ಬೇಕೇ ಬೇಕು. ಅದು ಇನ್ನೊಂದು ದುಬಾರಿ ಸರ್ವರ್ ಆಗಬೇಕಿಲ್ಲ, ಹಳೆಯ ಮಿನಿ ಪಿಸಿ ಇದ್ದರೂ ನಡೆಯುತ್ತದೆ. ಚಿಕ್ಕ ಆಫೀಸುಗಳಿಗೆ ಇಂಥ ಸೆಟಪ್ ಮಾಡಿಕೊಡೋದೇ ನನ್ನ ಕೆಲಸ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಎಂ ಅನ್ನು ಇನ್ನೊಂದು ಕಡೆ ಸ್ಟಾರ್ಟ್ ಮಾಡೋದು ಸುಲಭ. ಮೊದಲನೇ ಸರ್ವರ್ ನಿಜವಾಗಿಯೂ ನಿಂತಿದೆ ಅಂತ ಖಾತ್ರಿ ಮಾಡಿಕೊಳ್ಳೋದೇ ಕಷ್ಟ. ನಿಮ್ಮ ಸರ್ವರ್‌ಗಳನ್ನು ಎ ಮತ್ತು ಬಿ ಅನ್ನೋಣ. ಎ ಕಡೆಯಿಂದ ಬಿಗೆ ಸದ್ದೇ ಇಲ್ಲ. ಎ ಕೆಟ್ಟಿರಬಹುದು, ಇಲ್ಲವೇ ಮಧ್ಯದ ಕೇಬಲ್ ಕಳಚಿರಬಹುದು. ಬಿ ಕಡೆಯಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎ ಸತ್ತಿದೆ ಅಂದುಕೊಂಡು ಬಿ ಇಆರ್‌ಪಿಯನ್ನು ಎಬ್ಬಿಸಿತು, ಅತ್ತ ಎ ಇನ್ನೂ ಓಡುತ್ತಲೇ ಇದೆ ಅಂತಿಟ್ಟುಕೊಳ್ಳಿ. ಡಿಸ್ಕ್ ಇಬ್ಬರಿಗೂ ಒಂದೇ ಆಗಿದ್ದರೆ ಎರಡೂ ಕಡೆಯಿಂದ ಬರೆದು ಫೈಲ್ ಸಿಸ್ಟಮ್ ಹಾಳಾಗುತ್ತದೆ. ಡಿಸ್ಕ್ ಬೇರೆ ಬೇರೆ ಇದ್ದರೆ ಅರ್ಧ ಬಿಲ್ ಇಲ್ಲಿ, ಅರ್ಧ ಬಿಲ್ ಅಲ್ಲಿ. ಅವನ್ನು ಆಮೇಲೆ ಸೇರಿಸೋದು ನರಕ. ಸ್ಪ್ಲಿಟ್ ಬ್ರೈನ್ ಅನ್ನೋದು ಇದಕ್ಕೇ.

ಇದಾಗದಿರಲಿ ಅಂತಲೇ ಪ್ರಾಕ್ಸ್‌ಮಾಕ್ಸ್ ಒಳಗಿನ ಕೋರೋಸಿಂಕ್, ಅಂದರೆ ಸರ್ವರ್‌ಗಳು ಪರಸ್ಪರ ಮಾತಾಡಿಕೊಳ್ಳುವ ಭಾಗ, ಓಟು ಎಣಿಸುತ್ತದೆ. ಒಂದು ಸರ್ವರ್‌ಗೆ ಒಂದು ಓಟು, ಅರ್ಧಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕೋರಂ, ಅಂದರೆ ತೀರ್ಮಾನ ತೆಗೆದುಕೊಳ್ಳುವಷ್ಟು ಬಹುಮತ. ಎರಡರಲ್ಲಿ ಅರ್ಧಕ್ಕಿಂತ ಜಾಸ್ತಿ ಅಂದರೆ ಎರಡೂ ಬೇಕು. ಒಂದು ಹೋದರೆ ಉಳಿದದ್ದಕ್ಕೂ ಕೋರಂ ಇಲ್ಲ. ಅದರ ಕಾನ್ಫಿಗರೇಶನ್ ರೀಡ್ ಓನ್ಲಿ ಆಗುತ್ತದೆ, ಹೊಸ ವಿಎಂ ಸ್ಟಾರ್ಟ್ ಮಾಡಲು ಬಿಡೋದಿಲ್ಲ.

ಎಚ್‌ಎ (ಹೈ ಅವೈಲಬಿಲಿಟಿ, ಸರ್ವರ್ ಕೆಟ್ಟರೆ ವಿಎಂ ಅನ್ನು ಇನ್ನೊಂದರಲ್ಲಿ ತಾನಾಗಿಯೇ ಎಬ್ಬಿಸುವ ವ್ಯವಸ್ಥೆ) ಆನ್ ಮಾಡಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎಚ್‌ಎ ವಿಎಂಗಳು ಓಡುತ್ತಿರುವ ಸರ್ವರ್ ಕೋರಂ ಕಳೆದುಕೊಂಡರೆ ಸುಮಾರು 60 ಸೆಕೆಂಡಿನಲ್ಲಿ ವಾಚ್‌ಡಾಗ್ ಅನ್ನೋ ಕಾವಲು ಟೈಮರ್ ಅದನ್ನು ರೀಬೂಟ್ ಮಾಡಿಸುತ್ತದೆ. ಇದಕ್ಕೆ ಫೆನ್ಸಿಂಗ್ ಅಂತಾರೆ. ಈಗ ಬರೀ ಎರಡು ಸರ್ವರ್, ಮಧ್ಯದಲ್ಲಿ ಒಂದೇ ಸ್ವಿಚ್ ಇರುವ ಆಫೀಸನ್ನು ನೆನೆಸಿಕೊಳ್ಳಿ. ಯಾರೋ ಸ್ವಿಚ್‌ನ ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಹಾಕಿದರು. ಎ ಮತ್ತು ಬಿ ಎರಡಕ್ಕೂ ಓಟು ಕಡಿಮೆ. ಎರಡೂ ರೀಬೂಟ್. ಎಚ್‌ಎ ಇಲ್ಲದಿದ್ದರೆ ವಿಎಂಗಳಾದರೂ ಓಡುತ್ತಿರುತ್ತಿದ್ದವು, ಅಲ್ವಾ?

ಕ್ಲಸ್ಟರ್ ನಿರೀಕ್ಷಿಸುವ ಓಟಿನ ಸಂಖ್ಯೆಯನ್ನೇ ಒಂದಕ್ಕೆ ಇಳಿಸಿಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಎ ನಿಜವಾಗಿ ಆಫ್ ಆಗಿದೆ ಅಂತ ಕಣ್ಣಾರೆ ನೋಡಿ, ಆ ಹೊತ್ತಿಗೆ ಮಾತ್ರ ಕೈಯಾರೆ ಹಾಗೆ ಮಾಡಿದರೆ ತಪ್ಪಿಲ್ಲ. ಕಾಯಂ ಆಗಿ ಹಾಗೇ ಇಡಬೇಡಿ. ಮೇಲೆ ಹೇಳಿದ ಸ್ಪ್ಲಿಟ್ ಬ್ರೈನ್‌ಗೆ ನೀವೇ ಬಾಗಿಲು ತೆಗೆದಂತೆ.

ಸರಿಯಾದ ದಾರಿ ಕ್ಯೂ ಡಿವೈಸ್, ಅಂದರೆ ಹೊರಗಿನಿಂದ ಮೂರನೇ ಓಟು ಹಾಕುವ ಚಿಕ್ಕ ಮಷೀನ್. ಮಿನಿ ಪಿಸಿಗೆ ಡೆಬಿಯನ್ ಹಾಕಿ, ಕೋರೋಸಿಂಕ್ ಕ್ಯೂನೆಟ್‌ಡಿ ಅನ್ನೋ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ. ಎ ಮತ್ತು ಬಿಯಲ್ಲಿ ಕೋರೋಸಿಂಕ್ ಕ್ಯೂ ಡಿವೈಸ್ ಪ್ಯಾಕೇಜ್ ಹಾಕಿ. ಆಮೇಲೆ ಒಂದೇ ಕಮ್ಯಾಂಡ್‌ನಲ್ಲಿ ಅದು ಕ್ಲಸ್ಟರ್‌ಗೆ ಸೇರುತ್ತದೆ. ಅದರ ಮೇಲೆ ಯಾವ ವಿಎಂ ಕೂಡ ಓಡೋದಿಲ್ಲ, ಬರೀ ಓಟು ಹಾಕುತ್ತದೆ. ಈಗ ಒಟ್ಟು 3 ಓಟು, ಬೇಕಾದ್ದು 2. ಮಿನಿ ಪಿಸಿಯೇ ಕೆಟ್ಟರೂ ಎ, ಬಿ ಸೇರಿ 2 ಆಗುತ್ತದೆ, ಏನೂ ನಿಲ್ಲೋದಿಲ್ಲ. ಒಂದೇ ಷರತ್ತು: ಅದನ್ನು ಇದೇ ಕ್ಲಸ್ಟರ್‌ನ ಒಳಗೆ ವಿಎಂ ಆಗಿ ಇಡಬೇಡಿ. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್‌ಗೆ ಅಂತ ಬೇರೆ ಮಷೀನ್ ಇದ್ದರೆ ಅದರಲ್ಲೇ ಕ್ಯೂನೆಟ್‌ಡಿ ಕೂಡ ಓಡಿಸಬಹುದು.

ಇನ್ನು ನೆಟ್‌ವರ್ಕ್. ಕೋರೋಸಿಂಕ್‌ಗೆ ಜಾಸ್ತಿ ಬ್ಯಾಂಡ್‌ವಿಡ್ತ್ ಬೇಡ, ಆದರೆ ತಡ ಆದರೆ ತಡೆಯೋದಿಲ್ಲ. 5 ಮಿಲಿಸೆಕೆಂಡಿಗಿಂತ ಕಡಿಮೆ ಲೇಟೆನ್ಸಿ ಇರಬೇಕು. ರಾತ್ರಿ ಬ್ಯಾಕಪ್ ಅದೇ ಪೋರ್ಟ್‌ನಲ್ಲಿ ಹರಿದರೆ ಕೋರೋಸಿಂಕ್‌ನ ಪ್ಯಾಕೆಟ್‌ಗಳು ಸಾಲಿನಲ್ಲಿ ಕಾಯುತ್ತವೆ. ಚೆನ್ನಾಗಿರುವ ಸರ್ವರ್‌ಗಳೂ ಸಂಪರ್ಕ ಕಳೆದುಕೊಂಡು ಸುಮ್ನೆ ರೀಬೂಟ್ ಆಗಿಬಿಡಬಹುದು. ಎ ಮತ್ತು ಬಿ ನಡುವೆ ನೇರ ಒಂದು ಕೇಬಲ್ ಎಳೆದು ಅದನ್ನು ಮೊದಲ ಲಿಂಕ್ ಮಾಡಿ. ಆಫೀಸ್ ಲ್ಯಾನ್ ಎರಡನೇ ಲಿಂಕ್ ಆಗಿರಲಿ.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ನೇರ ಕೇಬಲ್ ಚೆನ್ನಾಗಿದ್ದು ಎಯ ಲ್ಯಾನ್ ಕೇಬಲ್ ಮಾತ್ರ ಹೋದರೆ, ಕ್ಲಸ್ಟರ್‌ನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಅಕೌಂಟ್ಸ್‌ನವರಿಗೆ ಮಾತ್ರ ಇಆರ್‌ಪಿ ತೆರೆಯೋದಿಲ್ಲ. ಎಚ್‌ಎ ಇದನ್ನು ಗಮನಿಸೋದೇ ಇಲ್ಲ. ಹಾಗಾಗಿ ಲ್ಯಾನ್ ಕಡೆಗೂ ಎರಡು ಪೋರ್ಟ್ ಸೇರಿಸಿ ಬಾಂಡ್ ಮಾಡಿ (ಎರಡೂ ಒಂದೇ ಸಂಪರ್ಕದಂತೆ ಕೆಲಸ ಮಾಡುವ ಹಾಗೆ), ಒಂದೊಂದನ್ನು ಬೇರೆ ಬೇರೆ ಸ್ವಿಚ್‌ಗೆ ಕೊಡಿ. ಎರಡೂ ಸರ್ವರ್ ಒಂದೇ ಯುಪಿಎಸ್ ಮೇಲೆ ನಿಂತಿದ್ದರೆ ಅದನ್ನೂ ಬೇರೆ ಮಾಡಿ.

ಸ್ಟೋರೇಜ್‌ಗೆ ಸೆಫ್ (ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದಾಗಿಸುವ ಸಾಫ್ಟ್‌ವೇರ್) ಬೇಡ. ಅದಕ್ಕೆ ಕನಿಷ್ಠ ಮೂರು ಪೂರ್ತಿ ಸರ್ವರ್, 10 ಗಿಗಾಬಿಟ್ ನೆಟ್‌ವರ್ಕ್ ಬೇಕು. ಒಂದೇ ಎನ್‌ಎಎಸ್ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಬಳಸುವ ಸ್ಟೋರೇಜ್ ಪೆಟ್ಟಿಗೆ) ಇಟ್ಟರೆ ಅದು ಕೆಟ್ಟ ದಿನ ಎರಡೂ ಸರ್ವರ್ ಖಾಲಿ ಕೂರುತ್ತವೆ. ನಿಮಗೆ ಹೊಂದೋದು ಜ಼ಡ್‌ಎಫ್‌ಎಸ್ ರೆಪ್ಲಿಕೇಶನ್. ಅಂದರೆ ಒಂದು ಸರ್ವರ್‌ನಲ್ಲಿರುವ ವಿಎಂ ಡಿಸ್ಕನ್ನು ಆಗಾಗ ಇನ್ನೊಂದಕ್ಕೆ ಕಾಪಿ ಮಾಡೋದು. ಎರಡೂ ಕಡೆ ಒಂದೇ ಹೆಸರಿನ ಪೂಲ್ (ಡಿಸ್ಕ್‌ಗಳ ಗುಂಪು) ಮಾಡಿ. ಡೀಫಾಲ್ಟ್ ಆಗಿ 15 ನಿಮಿಷಕ್ಕೊಮ್ಮೆ ಕಾಪಿ ಆಗುತ್ತದೆ, ಅದನ್ನು 1 ನಿಮಿಷಕ್ಕೂ ಇಳಿಸಬಹುದು. ಎ ದಿಢೀರ್ ಅಂತ ಹೋದರೆ ಕೊನೆಯ ಕಾಪಿಯ ನಂತರ ಹಾಕಿದ ಎಂಟ್ರಿಗಳು ಹೋದವು ಅಂತಲೇ ಲೆಕ್ಕ. ಇದನ್ನು ನಿಮ್ಮ ಮಾಲೀಕರ ಹತ್ತಿರ ಈಗಲೇ ಬಾಯಿಬಿಟ್ಟು ಹೇಳಿ. ಒಂದು ಎಂಟ್ರಿಯೂ ಹೋಗಬಾರದು ಅಂದರೆ ಡೇಟಾಬೇಸ್‌ನದ್ದೇ ರೆಪ್ಲಿಕೇಶನ್ ಹಾಕಬೇಕು, ಒಂದು ಡಿಬಿ ವಿಎಂ ಎ ಮೇಲೆ, ಇನ್ನೊಂದು ಬಿ ಮೇಲೆ. ರೆಪ್ಲಿಕೇಶನ್ ಇದೆ ಅಂತ ಬ್ಯಾಕಪ್ ಮಾತ್ರ ಬಿಡಬೇಡಿ. ಯಾರೋ ಟೇಬಲ್ ಡಿಲೀಟ್ ಮಾಡಿದರೆ ಆ ಡಿಲೀಟ್ ಕೂಡ ಅತ್ತ ಕಾಪಿ ಆಗುತ್ತದೆ.

ಎಚ್‌ಎ ಅಂದರೆ ಒಂದು ಕ್ಷಣವೂ ನಿಲ್ಲೋದಿಲ್ಲ ಅಂತಲ್ಲ. ಸರ್ವರ್ ಹೋಗಿದೆ ಅಂತ ಗೊತ್ತಾಗಿ ವಿಎಂ ಇನ್ನೊಂದು ಕಡೆ ಸ್ಟಾರ್ಟ್ ಆಗಲು ಸುಮಾರು 2 ನಿಮಿಷ, ಅದರ ಮೇಲೆ ವಿಂಡೋಸೋ ಲಿನಕ್ಸೋ ಬೂಟ್ ಆಗುವ ಹೊತ್ತು. ಮೆಮೊರಿಯಲ್ಲಿದ್ದದ್ದು ಹೋಗುತ್ತದೆ. ಅಪ್‌ಡೇಟ್ ಹಾಕುವಂಥ ಮೊದಲೇ ಗೊತ್ತಿರುವ ಕೆಲಸಕ್ಕೆ ಲೈವ್ ಮೈಗ್ರೇಶನ್ ಮಾಡಿ, ಅಂದರೆ ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ಸಾಗಿಸಿ, ಆಗ ಬಳಸುವವರಿಗೆ ಗೊತ್ತೇ ಆಗೋದಿಲ್ಲ. ದಿನನಿತ್ಯದ ಬಳಕೆಯಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರೋದು ಇದೇ. ರ‍್ಯಾಮ್ ಲೆಕ್ಕವನ್ನೂ ನೋಡಿಕೊಳ್ಳಿ. 64 ಜಿಬಿಯ ಎರಡು ಸರ್ವರ್‌ನಲ್ಲಿ ತಲಾ 50 ಜಿಬಿ ತುಂಬಿಸಿದರೆ ಒಂದರದ್ದು ಇನ್ನೊಂದರಲ್ಲಿ ಹಿಡಿಸೋದಿಲ್ಲ. ಇಆರ್‌ಪಿಯಂಥ ಮುಖ್ಯವಾದವಕ್ಕೆ ಮಾತ್ರ ಎಚ್‌ಎ ಹಾಕಿ.

ಈಗಾಗಲೇ ವಿಎಂಗಳು ಇರುವ ಸರ್ವರ್‌ನಲ್ಲಿ ಕ್ಲಸ್ಟರ್ ಕ್ರಿಯೇಟ್ ಮಾಡಿ, ಖಾಲಿ ಇರುವುದನ್ನು ಅದಕ್ಕೆ ಸೇರಿಸಿ. ಉಲ್ಟಾ ಆಗೋದಿಲ್ಲ, ಸೇರುವ ಸರ್ವರ್‌ನಲ್ಲಿ ವಿಎಂ ಇರಬಾರದು.

ಎಲ್ಲಾ ಮುಗಿದ ಮೇಲೆ, ಬಳಕೆಗೆ ಬಿಡುವ ಮುಂಚೆ ಎಯ ಪವರ್ ಕೇಬಲ್ ಕಿತ್ತು ನೋಡಿ. ಶಟ್‌ಡೌನ್ ಬಟನ್ ಒತ್ತಿದರೆ ಅದು ಪರೀಕ್ಷೆ ಅಲ್ಲ, ಆಗ ಎ ಹೇಳಿಯೇ ಹೋಗುತ್ತದೆ. ವಿಎಂ ಬಿಯಲ್ಲಿ ಸ್ಟಾರ್ಟ್ ಆದ ಮೇಲೆ ಸ್ಕ್ರೀನಿನ ಹಸಿರು ಗುರುತು ನೋಡಿ ಸುಮ್ಮನಾಗದೆ, ಇಆರ್‌ಪಿಗೆ ಲಾಗಿನ್ ಆಗಿ ಒಂದು ಬಿಲ್ ಹಾಕಿ. ಎಚ್‌ಎ ಮ್ಯಾನೇಜರ್ ವಿಎಂ ಒಳಗೆ ಇಣುಕೋದಿಲ್ಲ. ಒಳಗಿನ ಡೇಟಾಬೇಸ್ ಸರ್ವಿಸ್ ಆಟೋ ಸ್ಟಾರ್ಟ್‌ನಲ್ಲಿ ಇಲ್ಲದಿದ್ದರೆ ವಿಎಂ ಎದ್ದರೂ ಇಆರ್‌ಪಿ ಏಳೋದಿಲ್ಲ. ಅದನ್ನು ಸರಿಪಡಿಸಿ, ಎ ಮತ್ತೆ ಬಂದು ರೆಪ್ಲಿಕೇಶನ್ ಪೂರ್ತಿ ಆದ ಮೇಲೆ, ಬಿ ಕಡೆಯಿಂದಲೂ ಕೇಬಲ್ ಕಿತ್ತು ಇದನ್ನೇ ಮಾಡಿ ನೋಡಿ.