ಎಕ್ಸ್‌ಬಾಕ್ಸ್ 360 ನ್ಯಾಂಡ್ ಓದೋಕೆ ಸಿಎಚ್341ಎ ಸಾಕಾ?

ನಮಸ್ಕಾರ ರೀ. ಮನೆಯಲ್ಲಿರೋ ಸಿಎಚ್341ಎ ಪ್ರೋಗ್ರಾಮರ್‌ನಿಂದಲೇ (ಚಿಪ್ ಓದಿ ಬರೆಯೋ ಪುಟ್ಟ ಯುಎಸ್‌ಬಿ ಸಾಧನ) ಎಕ್ಸ್‌ಬಾಕ್ಸ್ 360 ಗೇಮ್ ಕನ್ಸೋಲಿನ ಟ್ರಿನಿಟಿ ಮಾದರಿಯ ಮದರ್‌ಬೋರ್ಡಿನ ನ್ಯಾಂಡ್, ಅಂದ್ರೆ ಅದರ ಸಿಸ್ಟಮ್ ಸಾಫ್ಟ್‌ವೇರ್ ಇರೋ ಮೆಮೊರಿ ಚಿಪ್, ಓದಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಅದು ಕಂಪ್ಯೂಟರ್ ಮದರ್‌ಬೋರ್ಡಿನ ಎಂಟು ಕಾಲಿನ ಬಯಾಸ್ ಚಿಪ್‌ಗೆ ಸರಿ. ಇಲ್ಲಿ ನ್ಯಾಂಡ್ ಓದಬೇಕಾಗಿರೋದು ನೇರವಾಗಿ ಅಲ್ಲ, ಕನ್ಸೋಲಿನ ಸೌತ್‌ಬ್ರಿಡ್ಜ್ ಅನ್ನೋ ಇನ್ನೊಂದು ಚಿಪ್ ಮೂಲಕ. ಮೇಲಾಗಿ ಸಿಎಚ್341ಎಯ ಕಪ್ಪು ಬೋರ್ಡಿನ ಡೇಟಾ ಪಿನ್‌ಗಳಲ್ಲಿ 5 ವೋಲ್ಟ್ ಬರುತ್ತದೆ, ನಮಗೆ ಬೇಕಿರೋದು 3.3.

ಸುಮ್ನೆ ಒಂದು ರಾಸ್ಪ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ತಗೊಳ್ಳಿ. ಅಗ್ಗ, 3.3 ವೋಲ್ಟಿನದ್ದು. ಅದಕ್ಕೆ ನ್ಯಾಂಡ್ ಓದಿ ಬರೆಯೋ ಪಿಕೊಫ್ಲ್ಯಾಶರ್ ಫರ್ಮ್‌ವೇರ್ ಹಾಕಿದರೆ ಸಾಕು.

ಜಾಸ್ತಿ ಗಮನ ಪಿಕೊದಿಂದ ಕನ್ಸೋಲಿನ ಬೋರ್ಡಿಗೆ ಬೆಸೆಯೋ ವೈರ್ ಮೇಲಿರಲಿ. ನಾನು ಮೊದಲು ಮೊಳದುದ್ದ ವೈರ್ ಬೆಸೆದಿದ್ದೆ. ಎರಡು ಸಲ ಓದಿದರೆ ಎರಡು ಬೇರೆ ಬೇರೆ ಫೈಲ್! ಗೇಣುದ್ದಕ್ಕೆ ಕತ್ತರಿಸಿದ ಮೇಲೆ ಸರಿಹೋಯ್ತು. ಫೈಲ್ 1,73,01,504 ಬೈಟ್ ಇರಬೇಕು. ಎರಡು ಸಲ ಓದಿದ ಫೈಲ್ ತದ್ರೂಪ ಬರೋವರೆಗೂ ನ್ಯಾಂಡಿಗೆ ಏನೂ ಬರೆಯೋಕೆ ಕೈ ಹಾಕಬೇಡಿ. ಓದುವಾಗ ಕನ್ಸೋಲಿಗೆ ಅಡಾಪ್ಟರ್ ಚುಚ್ಚಿರಲಿ, ಆದ್ರೆ ಆನ್ ಮಾಡಬೇಡಿ.

ಧಾರವಾಡದ ನಮ್ಮ ಓಣಿಯಲ್ಲಿ ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಅದಕ್ಕೇ ನ್ಯಾಂಡಿಗೆ ಬರೆಯುವಾಗ ಯುಪಿಎಸ್ ಬಳಸುತ್ತೇನೆ. ನಡುವೆ ಕರೆಂಟ್ ಹೋದರೂ ಗಾಬರಿ ಬೇಡ, ಮೊದಲು ಓದಿಟ್ಟ ಹಳೇ ಫೈಲ್ ಇದ್ದರೆ ಮತ್ತೆ ಬರೆಯಬಹುದು.

ಟ್ರಿನಿಟಿ ಬದಲು ಎಕ್ಸ್‌ಬಾಕ್ಸ್ 360ರದ್ದೇ ಇನ್ನೊಂದು ಮಾದರಿಯಾದ 4 ಜಿಬಿ ಕರೋನಾ ಬೋರ್ಡ್ ಆಗಿದ್ದರೆ ಕಥೆನೇ ಬೇರೆ ಆಗ್ತಿತ್ತು, ಅದನ್ನ ಎಸ್‌ಡಿ ಕಾರ್ಡ್ ರೀಡರ್‌ನಿಂದ ಓದಬಹುದು.